ಕುಂತು ಮಾಡೋ ಕಸುಬು

ಕಿಕ್ಕೇರಿ, ಆಗಸ್ಟ್ ೧೯೯೪

ಅಣ್ಣನಿಗೆ ಪದ್ಮಾವತಿಯ ನಮಸ್ಕಾರ.

ಹೋದ ತಿಂಗಳು ಒಡವೆ ಬೆಸೆಯುವಾಗ ನಿನ್ನ ಭಾವನ ಪಾದದ ಮೇಲೆ ಕೆಂಡ ಬಿತ್ತು. ಸುಟ್ಟ ವಾಸನೆ ಬರುವವರೆಗೂ ಅವರಿಗೆ ತಿಳಿಯಲೇ ಇಲ್ಲ. ಹುಣ್ಣು ಕೊಳೆತು, ಮೈಸೂರಿನಲ್ಲಿ ಮಂಡಿಯವರೆಗೆ ಕಾಲು ತೆಗೆದರು. ಸಕ್ಕರೆ ಕಾಯಿಲೆಯಿದೆ, ದಿನಾ ನಡೆಯಿರಿ, ಬೀಡಿ ಬಿಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇವರು, "ಕುಂತು ಮಾಡೋ ಕಸುಬು ನಮ್ದು, ಕೈ ನೆಟ್ಟಗಿದ್ರೆ ಸಾಕು ಬುಡು" ಎಂದು ನಗುತ್ತಿದ್ದರು.

ನಿನ್ನೆ ಉಳಿದ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಕಣ್ಣು ಮುಚ್ಚಿ ಮಲಗಿದ್ದವರು, "ಎಣ್ಣೆ ಯಾವಾಗ ಅಚ್ತೀಯಾ?" ಎಂದು ಕೇಳಿದರು.

"ಈಗ ಅಚ್ತೀನಿ" ಎಂದೆ.

ಮರಗೆಲಸದವನು ನೀನು. ಊರುಗೋಲು ಬೇಡ ಅಣ್ಣ, ಕೂತು ತಳ್ಳಿಕೊಂಡು ಹೋಗುವಂಥ ಗಾಲಿಯ ಹಲಗೆಯೊಂದನ್ನು ಮಾಡಿಡು. ಯಾರಿಗೆಂದು ಅತ್ತಿಗೆಗೂ ಹೇಳಬೇಡ.

ನಿನ್ನ ತಂಗಿ,
ಪದ್ಮಾವತಿ