ಕಾರಿಗೆ ಹೊಲಿದ ಅಂಗಿ

ಅಪ್ಪಾ,

ನೀನು ಸ್ನಾನಕ್ಕೆ ಹೋಗಿದ್ದೀಯ, ನನಗೆ ಬಸ್ಸಿಗೆ ಹೊತ್ತಾಯ್ತು. ನಾಲ್ಕು ಗಂಟೆಗೆ ಆಸ್ಪತ್ರೆಯಿಂದ ಅಮ್ಮನ್ನ ಕರ್ಕೊಂಡು ಬರೋದು ನಿನ್ನ ಕೆಲಸ.

ಕಾರನ್ನ ಗೋಡೆ ನೆರಳಿಗೆ ನಿಲ್ಲಿಸಿದ್ದೀನಿ. ಮಧ್ಯಾಹ್ನ ನೆರಳು ಆ ಕಡೆ ಸರಿಯತ್ತೆ, ಕಾರನ್ನೂ ಸರಿಸು. ರೇಡಿಯೇಟರ್ ನೀರನ್ನ ಈಗಲೇ, ಇಂಜಿನ್ ತಣ್ಣಗಿರುವಾಗಲೇ ನೋಡು. ಹೋದ ವರ್ಷ ಕಾದ ಮುಚ್ಚಳ ತೆಗೆದು ಕೈ ಸುಟ್ಕೊಂಡು, ಇಸ್ತ್ರಿಪೆಟ್ಟಿಗೆ ಮೇಲೆ ಗೂಬೆ ಕೂರಿಸಿದ್ದು ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಅವಳನ್ನ ಹತ್ತಿಸೋ ಮುಂಚೆ ಐದು ನಿಮಿಷ ನಾಲ್ಕೂ ಬಾಗಿಲು ತೆಗೆದಿಡು, ಇಲ್ಲಾಂದ್ರೆ ಒಲೆ ಮೇಲೆ ಕೂರಿಸಿದ ಹಾಗಾಗತ್ತೆ.

ಇನ್ನು ನೀನು ಕಾರಿಗೆ ಹೊಲಿದ ಹೊದಿಕೆ. ಟೇಪ್ ಹಿಡಿದು ಅಳತೆ ತಗೊಂಡು, ಪಕ್ಕದ ಕನ್ನಡಿಗಳಿಗೆ ಎರಡು ತೋಳು ಬೇರೆ ಇಟ್ಟಿದ್ದೀಯ. ಟೈಲರ್ ಅಂದ್ರೆ ನೀನೇ, ಒಪ್ಪಿದೆ. ಆದ್ರೆ ಮಹಾರಾಯ, ಅದು ಅಮ್ಮನ ಕೋಣೆ ಕಿಟಕಿ ಪರದೆ! ಆಪರೇಷನ್ ಆದ ಕಣ್ಣಿಗೆ ಬಿಸಿಲು ಬೀಳಬಾರದು ಅಂತ ಡಾಕ್ಟರು ಹೇಳಿದ್ದು ನಿನಗೇ ತಾನೆ? ಈಗಲೇ ಅದನ್ನ ವಾಪಸ್ ಕಿಟಕಿಗೆ ಕಟ್ಟು.

ತೋಳು ಮಾತ್ರ ಬಿಚ್ಚಬೇಡ. ನಾಳೆ ಎರಡೂ ಕಣ್ಣಿನ ಪಟ್ಟಿ ತೆಗೆದಾಗ ಅಮ್ಮ ಮೊದಲು ಅದನ್ನೇ ನೋಡಿ ನಿನ್ನನ್ನ ಚೆನ್ನಾಗಿ ಬೈಯಲಿ. ಅವಳ ಬೈಗುಳ ಇಲ್ಲದೆ ವಾರದಿಂದ ಮನೆ ಬಿಕೋ ಅಂತಿದೆ.