ಲಿಸ್ಬನ್‌ಗೆ ಒಂದೇ ಪಾಸ್‌ಪೋರ್ಟ್

ಅಕ್ಟೋಬರ್ 9, ಗುರುವಾರ. ಪಿಸ್ಕಾಟವೇ, ನ್ಯೂಜೆರ್ಸಿ

ಪ್ಯಾಕಿಂಗ್ ಮುಗಿಯಿತು. ಚಟ್ನಿಪುಡಿ, ಅವಲಕ್ಕಿ, ಇಂಚರಾಳ ಜ್ವರದ ಸಿರಪ್, ಹೋಟೆಲ್ ಬುಕಿಂಗಿನ ಎರಡೆರಡು ಪ್ರಿಂಟ್. ಲಿಸ್ಬನ್ನಿನಲ್ಲಿ ಜೇಬುಗಳ್ಳರು ಜಾಸ್ತಿಯಂತೆ. ಮೂರು ವಿಡಿಯೊ ನೋಡಿದೆ. ಟ್ರಾಮ್ ಹತ್ತುವಷ್ಟರಲ್ಲಿ ಬ್ಯಾಗ್ ಖಾಲಿ! ಮಂಜೇಶ್ ನಗುತ್ತಾನೆ. ನಗಲಿ. ಎಂಟು ವರ್ಷದ ಮಗಳನ್ನು ಕರೆದುಕೊಂಡು ಹೋಗುವಾಗ ಮನೆಯಲ್ಲಿ ಒಬ್ಬರಿಗಾದರೂ ಹೆದರಿಕೆ ಇರಬೇಕು.

ಒಂದು ಬುದ್ಧಿವಂತಿಕೆ ಮಾಡಿದೆ. ನನ್ನ ಹಳೆಯ ಪಾಸ್‌ಪೋರ್ಟನ್ನೂ ಹೊಸದನ್ನೂ ರಬ್ಬರ್ ಬ್ಯಾಂಡ್ ಹಾಕಿ ಒಟ್ಟಿಗೆ ಇಟ್ಟಿದ್ದೆ. ಕಳುವಾದರೆ ಎರಡೂ ಹೋಗುತ್ತವಲ್ಲ... ಹಳೆಯದನ್ನು ತೆಗೆದು ಬೆಡ್‌ರೂಮಿನ ಬೀರುವಿನ ಲಾಕರಿನಲ್ಲಿಟ್ಟೆ. ಯುರೋಪಿನ ವೀಸಾ ಹೊಸದರಲ್ಲೇ ಇದೆ. ಸಾಕು.

ಅಕ್ಟೋಬರ್ 11, ಶನಿವಾರ. ಲಿಸ್ಬನ್

ಬೆಳಿಗ್ಗೆ ಬಂದಿಳಿದೆವು. ಊರೆಲ್ಲ ಏರು, ಇಲ್ಲದಿದ್ದರೆ ಇಳುಕಲು. ನುಣುಪು ಕಲ್ಲಿನ ಬೀದಿ, ಜಾರುತ್ತದೆ. ಗೋಡೆಗೆಲ್ಲ ನೀಲಿ ಟೈಲ್ಸ್. ಹಳದಿ ಟ್ರಾಮಿನಲ್ಲಿ ಬ್ಯಾಗನ್ನು ಹೊಟ್ಟೆಗೆ ಅವುಚಿಕೊಂಡು ನಿಂತಿದ್ದೆ. ಪಕ್ಕದ ಅಜ್ಜಿ ಇಂಚರಾಳ ಕೆನ್ನೆ ಮುಟ್ಟಲು ಬಂದಳು. ಮಗಳನ್ನು ಸರಕ್ಕನೆ ಎಳೆದುಕೊಂಡೆ. ಅಜ್ಜಿಯ ಮುಖ ಸಣ್ಣದಾಯಿತು. ಆಮೇಲೆ ನನಗೇ ನಾಚಿಕೆ.

ಅಕ್ಟೋಬರ್ 12, ಭಾನುವಾರ

ಛಾವಣಿ ಇಲ್ಲದ ಒಂದು ಚರ್ಚು ನೋಡಿದೆವು. ಭೂಕಂಪದಲ್ಲಿ ಬಿದ್ದದ್ದು, ಹಾಗೇ ಬಿಟ್ಟಿದ್ದಾರೆ. ಬರೀ ಕಮಾನು, ಮೇಲೆ ಆಕಾಶ. ಇನ್ನೂರ ಎಪ್ಪತ್ತು ವರ್ಷ ಆಯಿತಂತೆ. ಆದರೂ ಹೊರಗೆ ಹೋಗುವ ಬಾಗಿಲು ಯಾವ ಕಡೆ ಅಂತ ನೋಡಿಕೊಂಡೆ.

ಸಂಜೆ ನದಿಯ ಪಕ್ಕ ಮೂವರೂ ಕೂತೆವು. ಇಂಚರಾ ನಾಲ್ಕು ಕಸ್ಟರ್ಡ್ ಟಾರ್ಟ್ ತಿಂದಳು. ಎಷ್ಟು ದಿನಕ್ಕೆ ಮಂಜೇಶನ ಲ್ಯಾಪ್‌ಟಾಪ್ ಇಲ್ಲದ ಮುಖ ಕಂಡೆ. ಸುಖವಾಗಿತ್ತು, ಸುಳ್ಳೇಕೆ.

ಅಕ್ಟೋಬರ್ 14, ಮಂಗಳವಾರ, ಬೆಳಿಗ್ಗೆ 11.20

ನಾಳೆಯ ಫ್ಲೈಟಿಗೆ ಚೆಕ್-ಇನ್ ಮಾಡುತ್ತಿದ್ದೆ. ಅಮೆರಿಕದ ವೀಸಾ ನಂಬರ್ ಕೇಳಿತು. ಪಾಸ್‌ಪೋರ್ಟ್ ತೆಗೆದು ಪುಟ ತಿರುಗಿಸಿದೆ. ಮತ್ತೆ ತಿರುಗಿಸಿದೆ.

ವೀಸಾ ಹಳೆಯ ಪಾಸ್‌ಪೋರ್ಟಿನಲ್ಲಿದೆ. ಇನ್ನೂ ಹದಿನಾಲ್ಕು ತಿಂಗಳು ವ್ಯಾಲಿಡಿಟಿ ಇರುವ ವೀಸಾ. ಲಾಕರಿನಲ್ಲಿ. ನಾನೇ ಇಟ್ಟದ್ದು.

ಅದಿಲ್ಲದೆ ವಿಮಾನ ಹತ್ತಿಸುವುದಿಲ್ಲ. ಸಿಗದೇ ಹೋದರೆ ಇಂಡಿಯಾಕ್ಕೆ ಹೋಗಿ ಹೊಸ ವೀಸಾ ಸ್ಟಾಂಪಿಂಗ್‌ಗೆ ಕಾಯಬೇಕು. ತಿಂಗಳುಗಟ್ಟಲೆ. ನಮ್ಮ ಆಫೀಸಿನ ಒಬ್ಬರು ಎರಡು ವಾರಕ್ಕೆಂದು ಹೋದವರು ಏಳು ತಿಂಗಳಾಯಿತು, ಬಂದಿಲ್ಲ. ಮಂಜೇಶನ ವೀಸಾ ಹೊಸದರಲ್ಲೇ ಇದೆ. ಇಂಚರಾ ಅಲ್ಲೇ ಹುಟ್ಟಿದವಳು, ಅವಳಿಗೆ ವೀಸಾವೇ ಬೇಡ. ಮನೆಗೆ ಹೋಗಲಾಗದವಳು ನಾನೊಬ್ಬಳೇ.

ಮಂಜೇಶ್ ಕೂಗಾಡಲಿಲ್ಲ. ಹಾಸಿಗೆಯ ಮೇಲೆ ಕೂತ. ಹೇಳಿದ, "ಎಲ್ಲದಕ್ಕೂ ಹೆದರ್ತೀಯ ಹರ್ಷಿತಾ. ಹೆದರಬೇಕಾದ ಒಂದಕ್ಕೆ ಹೆದರ್ಲಿಲ್ಲ ನೋಡು."

ಅದೇ ದಿನ, ಸಂಜೆ 4

ಪಕ್ಕದ ಮನೆಯ ಬಸವಲಿಂಗಪ್ಪ ಅಂಕಲ್‌ಗೆ ಬೆಳಿಗ್ಗೆಯೇ ಫೋನ್ ಮಾಡಿದ್ದೆ. ಧಾರವಾಡದವರು, ರಿಟೈರ್ಡ್ ಪ್ರೊಫೆಸರ್. ಗಿಡಕ್ಕೆ ನೀರು ಹಾಕಲೆಂದು ನಮ್ಮ ಮನೆಯ ಕೀ ಅವರ ಹತ್ತಿರ ಇದೆ. ಆಗ ಅಲ್ಲಿ ಇನ್ನೂ ಬೆಳಗಿನ ಆರೂವರೆ. ಸ್ವೆಟರ್ ಹಾಕಿಕೊಂಡು ಬಂದು, ನಾನು ಹೇಳಿದ ನಂಬರ್ ಒತ್ತಿ ಲಾಕರ್ ತೆಗೆದರು. ವಿಡಿಯೊದಲ್ಲಿ ನನ್ನ ಸೀರೆಗಳ ಮಧ್ಯೆ ಅವರ ಕೈ.

"ಸಿಕ್ಕೈತಿ ಬಿಡವಾ ತಂಗಿ. ಅಂಜಬ್ಯಾಡ."

ಅತ್ತುಬಿಟ್ಟೆ.

ತರುವವರು ಯಾರು? ಕೊರಿಯರ್‌ನವನು ಯಾವ ದಿನ ತಲುಪುತ್ತದೆಂದು ಗ್ಯಾರಂಟಿ ಕೊಡಲಿಲ್ಲ. ಕೊನೆಗೆ ನ್ಯೂಜೆರ್ಸಿ ಕನ್ನಡದವರ ಗ್ರೂಪಿನಲ್ಲಿ ಹಾಕಿದೆ: ನೆವಾರ್ಕ್ ಏರ್‌ಪೋರ್ಟಿನಿಂದ ಲಿಸ್ಬನ್‌ಗೆ ಈ ವಾರ ಯಾರಾದರೂ ಹೊರಟಿದ್ದೀರಾ? ಉಪ್ಪಿನಕಾಯಿ, ಬಿಪಿ ಮಾತ್ರೆ, ಮದುವೆಯ ಸೀರೆ — ಅಲ್ಲಿ ಎಲ್ಲವೂ ಹೀಗೇ ಯಾರದೋ ಸೂಟ್‌ಕೇಸಿನಲ್ಲಿ ಬೆಂಗಳೂರಿಗೆ ಹೋಗುತ್ತವೆ. ಲಿಸ್ಬನ್‌ಗೆ ಕೇಳಿದವರು ಇಲ್ಲ.

ನಲವತ್ತು ನಿಮಿಷ ಯಾರೂ ಇಲ್ಲ. ಆಮೇಲೆ ಶ್ರೀನಿ ಅಂತ ಒಬ್ಬ. ನ್ಯೂಜೆರ್ಸಿಯದೇ ಹೋಬೋಕನ್ ಊರಿನ ಹುಡುಗ, ಕಾನ್ಫರೆನ್ಸಿಗೆ ಬರುತ್ತಾನಂತೆ. ಬುಧವಾರ ರಾತ್ರಿ ಹೊರಟು ಗುರುವಾರ ಬೆಳಿಗ್ಗೆ ಇಲ್ಲಿ. ಮುಖ ನೋಡಿಲ್ಲ. ಡಿಪಿಯಲ್ಲಿ ಒಂದು ನಾಯಿ. ಟ್ರಾಮಿನ ಅಜ್ಜಿಯನ್ನು ನಂಬದವಳು ಇವನ ಕೈಗೆ ನನ್ನ ಮನೆ, ಕೆಲಸ, ಮಗಳು ಎಲ್ಲವನ್ನೂ ಕೊಡುತ್ತಿದ್ದೇನೆ.

ಅಕ್ಟೋಬರ್ 15, ಬುಧವಾರ

ಅವರಿಬ್ಬರೂ ಹೋದರು. ನಾನೇ ಹೋಗಿ ಅಂದೆ. ಮಂಜೇಶನಿಗೆ ನಾಳೆ ಆಫೀಸಿನಲ್ಲಿ ಗೋ-ಲೈವ್, ಹೊಸ ಸಾಫ್ಟ್‌ವೇರ್ ಶುರುವಾಗುವ ದಿನ; ಮಗಳಿಗೆ ಸ್ಕೂಲು. ಅಮ್ಮನಿಗೆ ಇಲ್ಲಿ ಸ್ವಲ್ಪ ಕೆಲಸ ಇದೆ ಅಂತ ಇಂಚರಾಳಿಗೆ ಹೇಳಿದೆ. ನನ್ನನ್ನೇ ದಿಟ್ಟಿಸಿ ನೋಡಿದಳು. ಸೆಕ್ಯೂರಿಟಿಯ ಆಚೆ ಹೋಗುವವರೆಗೆ ನೋಡುತ್ತಿದ್ದೆ. ಅವಳು ತಿರುಗಿ ನೋಡಲಿಲ್ಲ.

ಸುಮ್ಮನೆ ನಡೆದೆ. ಯಾವ ಬೀದಿಯೋ. ಪೊಲೀಸರನ್ನು ಕಂಡರೆ ಆಚೆ ಬದಿಗೆ ದಾಟುತ್ತಿದ್ದೆ. ನನ್ನ ಯುರೋಪ್ ವೀಸಾ ಸರಿಯಾಗೇ ಇದೆ, ಆದರೂ. ಊಟ ಸೇರಲಿಲ್ಲ.

ಅಕ್ಟೋಬರ್ 16, ಗುರುವಾರ, ಬೆಳಿಗ್ಗೆ 8.10, ಏರ್‌ಪೋರ್ಟ್

ವಿಮಾನ ಇಳಿದು ಒಂದು ಗಂಟೆ ಆಯಿತು. ಶ್ರೀನಿ ಫೋನ್ ಎತ್ತುತ್ತಿಲ್ಲ. ಬಾಗಿಲು ತೆಗೆದಾಗಲೆಲ್ಲ ಬೇರೆ ಯಾರೋ. ಅಂಕಲ್ ಎಪ್ಪತ್ತೆರಡರ ವಯಸ್ಸಿನಲ್ಲಿ ಟರ್ನ್‌ಪೈಕ್ ಹೈವೇ ಮೇಲೆ ಡ್ರೈವ್ ಮಾಡಿಕೊಂಡು ಹೋಗಿ ಅವನ ಕೈಗೇ ಕೊಟ್ಟು ಬಂದಿದ್ದಾರೆ. ಅವನು ಎಲ್ಲಾದರೂ ಬೀಳಿಸಿದ್ದರೆ... ದೇವರೇ.

8.50

ಸಿಕ್ಕಿತು. ಫೋನ್ ಚಾರ್ಜ್ ಹೋಗಿತ್ತಂತೆ. ಅಂಗಿಯ ಒಳಗಿನಿಂದ ಕವರ್ ತೆಗೆದು ಕೊಟ್ಟ. "ರಾತ್ರಿಯಿಡೀ ನಿದ್ದೆ ಮಾಡ್ಲಿಲ್ಲ ಅಕ್ಕಾ, ನಿಮ್ದು ಕಳೆದುಹೋದ್ರೆ ಅಂತ." ಕಾಫಿ ಕುಡಿಸುತ್ತೇನೆ ಅಂದರೂ ನಿಲ್ಲಲಿಲ್ಲ. ವೀಸಾ ಪುಟ ನಾಲ್ಕು ಸಲ ನೋಡಿದೆ. ನಾಳೆ ಹನ್ನೊಂದಕ್ಕೆ ಟಿಕೆಟ್ ಸಿಕ್ಕಿದೆ.

ಮಧ್ಯಾಹ್ನ 12.50

ಈಗ ಇಂಚರಾ ಫೋನ್ ಮಾಡಿದ್ದಳು, ಸ್ಕೂಲ್ ಬಸ್ ಬರುವ ಮೊದಲು. ಪಾಸ್‌ಪೋರ್ಟ್ ಬಂತು, ನಾಳೆ ಬರುತ್ತೇನೆ ಅಂದೆ. ಓಕೆ ಅಂದಳು. ಅಪ್ಪ ಎಲ್ಲವನ್ನೂ ಹೇಳಿದರಂತೆ. ಮೂರು ದಿನದಿಂದ ನನಗಿದ್ದದ್ದು ಒಂದೇ ಭಯ, ಮಗಳಿಂದ ದೂರ ಉಳಿದುಬಿಡುತ್ತೇನೆಂದು. ಅವಳಿಗೂ ಅದೇ ಇರಬೇಕೆಂದುಕೊಂಡಿದ್ದೆ.

ಇಂಗ್ಲಿಷಿನಲ್ಲಿ ಕೇಳಿದಳು, ಬಹಳ ಮೆತ್ತಗೆ, ಅಪ್ಪನಿಗೆ ಕೇಳಿಸದ ಹಾಗೆ. ನಾಳೆ ನಿನ್ನನ್ನು ಒಳಗೆ ಬಿಡದಿದ್ದರೆ ನಾನೂ ನಿನ್ನ ಜೊತೆ ಇಂಡಿಯಾಕ್ಕೆ ಬರಬೇಕಾ, ಅಮ್ಮಾ? ಇಲ್ಲೇ ಇದ್ದರೆ ನಿನಗೆ ಬೇಜಾರಾಗುತ್ತಾ?

ಬಸ್ಸಿನ ಹಾರ್ನ್ ಕೇಳಿಸಿತು. ಅವಳು ಕಾಯುತ್ತಿದ್ದಳು. ನೀನು ಅಲ್ಲೇ ಇರು ಪುಟ್ಟಿ, ನನಗೇನೂ ಬೇಜಾರಿಲ್ಲ ಅಂತ ಸುಳ್ಳು ಹೇಳಿದೆ.