ಅಜ್ಜ ಉಜ್ಜಿ ಅಳಿಸಿದ ಎರಡು ‘ಸಿ’

ಜನವರಿ 14, 1980, ಕಾರ್ಸನ್ ಸಿಟಿ
ಇವತ್ತೂ ಡೆಲ್ಬರ್ಟನ ನಾಣ್ಯದಂಗಡಿ. ಬೆಳ್ಳಿ ರೇಟು ಏರಿದ್ದೇ ಏರಿದ್ದು, ಊರಿಗೆ ಊರೇ ಹಳೇ ಚಮಚ, ಚಿಲ್ಲರೆ ಹಿಡಿದು ಸಾಲು ನಿಂತಿದೆ. ವಿಂಗಡಿಸುವುದು ನನ್ನ ಕೆಲಸ. ನಾಣ್ಯದ ಹಿಂಬದಿಯಲ್ಲಿ ಎರಡು ‘ಸಿ’ ಇದ್ದರೆ — ನಮ್ಮೂರ ಟಂಕಸಾಲೆಯ ಗುರುತು — ಎತ್ತಿಡುತ್ತೇನೆ. ತೂತಾದದ್ದು, ಗೀಚಿದ್ದು, ಹೆಸರು ಕೆತ್ತಿದ್ದು ಚೀಲಕ್ಕೆ. ಶುಕ್ರವಾರ ಲಾರಿ ಬಂದು ಕರಗಿಸಲು ಒಯ್ಯುತ್ತದೆ.

ಲೆನೋರಾ ಅಕ್ಕನೂ ಒಂದು ಬಿಸ್ಕತ್ ಡಬ್ಬಿ ಚಿಲ್ಲರೆ ತಂದಿದ್ದಳು. ಪಾಪ, ಕಣ್ಣು ಈಗ ಪೂರ್ತಿ ಮಂಜು. ಅವಳೆದುರೇ ವಿಂಗಡಿಸಿದೆ. ಎರಡೇ ನಿಮಿಷ.

ಜನವರಿ 17, ಬೆಳಿಗ್ಗೆ 7
ಅಕ್ಕನ ಫೋನ್. ಅಜ್ಜಿ ಕೊಟ್ಟ ಡೈಮ್ ನಾಣ್ಯ ಹೊಲಿಗೆ ಪೆಟ್ಟಿಗೆಯಲ್ಲಿ ಇಲ್ಲವಂತೆ. ಆ ಡಬ್ಬಿಯಲ್ಲಿತ್ತೇನೋ ಎಂದು ಕೇಳಿದಳು.

ಅಜ್ಜ ಟಂಕಸಾಲೆಯಲ್ಲಿ ಅಚ್ಚೊತ್ತುವ ಯಂತ್ರ ನಡೆಸುತ್ತಿದ್ದ. ಆಗಿನ ಹುಡುಗರಿಗೊಂದು ಪದ್ಧತಿ — ಹತ್ತು ಸೆಂಟಿನ ಡೈಮ್‌ನ ಒಂದು ಮುಖ ಉಜ್ಜಿ ನಯಮಾಡಿ, ಮೆಚ್ಚಿದ ಹುಡುಗಿಯ ಹೆಸರಿನ ಅಕ್ಷರ ಕೆತ್ತಿಸಿ ಕೊಡುವುದು. ಅಜ್ಜಿಯ ಎಂ.ಎಚ್. ಕೆತ್ತಿಸಲು ಅಜ್ಜ ಉಜ್ಜಿದ್ದು ಎರಡು ‘ಸಿ’ ಇದ್ದ ಮುಖವನ್ನೇ. ತಾನೇ ಒತ್ತಿದ ಗುರುತನ್ನು! ಅದನ್ನು ಮೊದಲು ನೋಡಿದಾಗ ನನಗೆ ಹದಿನಾರು, ನನ್ನ ನಾಣ್ಯ ಸಂಗ್ರಹದಲ್ಲಿ ಆ ಡೈಮ್ ಅಚ್ಚಾದ ವರ್ಷದ್ದೊಂದೇ ಕೊರತೆ. ಚಿನ್ನದಂಥ ನಾಣ್ಯ ಹಾಳುಮಾಡಿದ ಮುದುಕ ಎಂದು ಬೈದಿದ್ದೆ. ಅಜ್ಜಿ ಕೇಳಿಸಿಕೊಂಡಳು. ಡೈಮ್ ಅಕ್ಕನಿಗೆ ಹೋಯಿತು. ಸರಿಯಾಗೇ ಮಾಡಿದಳು.

ಆಮೇಲೆ ಐವತ್ತು ವರ್ಷ ಅದನ್ನು ಕಣ್ಣೆತ್ತಿ ನೋಡಿರಲಿಲ್ಲ. ಸೋಮವಾರ ನನ್ನ ಕೈಗೇ ಬಂದಿದೆ, ಕೆತ್ತಿದ್ದು ಅಂತ ಚೀಲಕ್ಕೆ ಹಾಕಿದ್ದೇನೆ...

ಅದೇ ದಿನ, ಸಂಜೆ
ಡೆಲ್ಬರ್ಟ್ ಚೀಲ ಬಿಚ್ಚಲು ಬಿಟ್ಟ. “ನಾಳೆ ಹನ್ನೊಂದಕ್ಕೆ ಲಾರಿ ಕಣಯ್ಯ. ಅಷ್ಟರೊಳಗೆ ಸಿಕ್ಕಿದ್ದು ನಿಂದು.”

ಎಷ್ಟೊಂದು ಕೆತ್ತಿದ ಡೈಮ್‌ಗಳು. ಬಳ್ಳಿ, ಹಕ್ಕಿ, ‘ಅಮ್ಮನಿಗೆ’, ಯಾವುದೋ ಮಗುವಿನ ಹೆಸರು. ಎಲ್ಲ ನಾನೇ ಎಸೆದವು. ಒಂದನ್ನೂ ಓದಿರಲಿಲ್ಲ. ನಾಚಿಕೆಯಾಯಿತು. ಅಜ್ಜಿಯ ಎಂ.ಎಚ್. ಮಾತ್ರ ಸಿಗಲಿಲ್ಲ.

ಜನವರಿ 18
ಲಾರಿ ಹೋಯಿತು. ಕೊನೆಯ ಎರಡು ಚೀಲ ಬಿಚ್ಚಲಾಗಲಿಲ್ಲ.

ಜನವರಿ 20, ಭಾನುವಾರ
ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಎಂದು ಅಕ್ಕನ ಮನೆಗೆ ಹೋದೆ. ಚೀಲಗಳಿಂದ ಆರಿಸಿ ಉಳಿಸಿಕೊಂಡ ಕೆತ್ತಿದ ಡೈಮ್‌ಗಳೂ ಜೇಬಿನಲ್ಲಿದ್ದವು. ಮೇಜಿನ ಮೇಲೆ ಸುರಿದೆ. ಬಾಯಿ ತೆರೆಯುವಷ್ಟರಲ್ಲಿ ಅವಳು ಒಂದೊಂದನ್ನೇ ಬೆರಳಿನಿಂದ ಸವರತೊಡಗಿದಳು. ಒಂದರ ಮೇಲೆ ಬೆರಳು ನಿಂತಿತು.

“ಇದೇ ಕಣೋ. ಅಜ್ಜಿ ಹೆಬ್ಬೆರಳಲ್ಲಿ ತಿಕ್ಕಿ ತಿಕ್ಕಿ ಇಲ್ಲಿ ನುಣ್ಣಗಾಗಿದೆ ನೋಡು. ಓದು, ಒಂದ್ಸಲ ಕೇಳ್ತೀನಿ.”

ಬಗ್ಗಿ ನೋಡಿದೆ. ಆರ್.ಟಿ.

“ಎಂ.ಎಚ್.” ಅಂದೆ.

ಅಕ್ಕ ಅದನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ. ಊಟಕ್ಕೆ ಕೂತಾಗಲೂ ಮುಷ್ಟಿ ಬಿಚ್ಚಲಿಲ್ಲ ಅವಳು.

ಇದನ್ನು ಬರೆದಿಡಬಾರದಿತ್ತೇನೋ. ನಾಳೆ ನಾನಿಲ್ಲದಾಗ ಯಾರಾದರೂ ಈ ಪುಟವನ್ನು ಅವಳಿಗೆ ಓದಿ —